ಕವಡೆಯಿಲ್ಲದ ಆಟ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



"ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಪ್ಪ" ಎಂದು ಮೇಷ್ಟ್ರು ಹೇಳಿದ್ದಾರೆ. ನಾನು ಹುಲಿ-ಕುರಿ ಆಟದಿಂದ ಶುರು ಮಾಡುತ್ತೇನೆ.

ನಮ್ಮ ಜಗಲಿಗಳಲ್ಲಿ ಎರಡು ಬಗೆಯ ಆಟಗಳಿದ್ದವು. ಚೌಕಾಬಾರದಲ್ಲಿ ಕವಡೆ ಬಿದ್ದಷ್ಟೇ ಕಾಯಿ ನಡೆಯಬೇಕು. ಹುಲಿ-ಕುರಿ, ಸಾಲುಮನೆ, ಚದುರಂಗಗಳಲ್ಲಿ ಕವಡೆಯೇ ಇಲ್ಲ. ಇಸ್ಪೀಟಿನ ಹಾಗೆ ಎಲೆ ಮುಚ್ಚಿಟ್ಟುಕೊಳ್ಳುವುದೂ ಇಲ್ಲ. ಇಬ್ಬರು ಸರದಿಯಂತೆ ಆಡುತ್ತಾರೆ, ಎಲ್ಲವೂ ಇಬ್ಬರ ಕಣ್ಣ ಮುಂದೆಯೇ ಇರುತ್ತದೆ. ಕಾಯಿ ದಂತದ್ದಾಗಲಿ, ಹುಣಸೆಬೀಜವಾಗಲಿ, ಆಟ ಒಂದೇ. ಅದೃಷ್ಟವಿಲ್ಲ, ಮುಚ್ಚುಮರೆಯಿಲ್ಲ. ಈ ಆಟಗಳ ಲಕ್ಷಣವೇ ಅದು.

ಹೀಗೆ ಎಲ್ಲವೂ ಬಯಲಾಗಿರುವುದರಿಂದಲೇ ಇವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬಹುದು. ನಮ್ಮ ಸಾಲುಮನೆ ಯುರೋಪಿನಲ್ಲೂ ಇದೆ. ತಲಾ 9 ಕಾಯಿ, 24 ಮನೆ. 1993ರಲ್ಲಿ ರಾಲ್ಫ್ ಗ್ಯಾಸರ್ ಎಂಬವರು ಆ ಆಟವನ್ನು ಕೊನೆಯವರೆಗೂ ಲೆಕ್ಕ ಹಾಕಿಸಿ, ಇಬ್ಬರೂ ತಪ್ಪದೆ ಆಡಿದರೆ ಯಾರೂ ಗೆಲ್ಲುವುದಿಲ್ಲ ಎಂದು ತೋರಿಸಿದರು. ಅಂದರೆ, ಸೋತವನು ಎಲ್ಲೋ ತಪ್ಪಿದ್ದಾನೆ ಎಂದೇ ಅರ್ಥ.

ಹುಲಿ-ಕುರಿಯಲ್ಲಿ ಎರಡು ಕಡೆಯೂ ಸಮವಲ್ಲ. 3 ಹುಲಿ, 15 ಕುರಿ. ಒಂಟಿ ಕುರಿಯನ್ನು ಹುಲಿ ಹಾರಿ ಹೊಡೆಯುತ್ತದೆ. ಅದರ ಬೆನ್ನ ಹಿಂದಿನ ಮನೆಯಲ್ಲಿ ಇನ್ನೊಂದು ಕುರಿ ನಿಂತರೆ ಹಾರಲು ಜಾಗವಿಲ್ಲ. ಚಿಕ್ಕಂದಿನಲ್ಲಿ ನಾನು ಯಾವಾಗಲೂ ಹುಲಿಯನ್ನೇ ಕೇಳುತ್ತಿದ್ದೆ. ಅಜ್ಜಿ ಕುರಿ ಆಡಿ ನನ್ನ ಹುಲಿಗಳನ್ನು ಕಟ್ಟಿಹಾಕುತ್ತಿದ್ದರು. "ಕುರಿಗೇ ಅನುಕೂಲ ಜಾಸ್ತಿ" ಎಂದು ನಾನು ಜಗಳ ತೆಗೆದರೆ, ಕಡೆ ಬದಲಿಸಿಕೊಂಡು ಮತ್ತೆ ಸೋಲಿಸುತ್ತಿದ್ದರು. ಆಮೇಲೆ ನನಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ.

ಇಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ ಗಣಿತದಲ್ಲಿ ಫೇಲಾದೆ. ಕನ್ನಡ ಮೀಡಿಯಂನಿಂದ ಬಂದವನು, ಹಣೆಬರಹ ಅಂದುಕೊಂಡೆ. ಉತ್ತರಗಳನ್ನು ಮತ್ತೆ ಬರೆದು ನೋಡಿದಾಗ ಗೊತ್ತಾಯಿತು: ಎರಡು ಪ್ರಶ್ನೆಗಳಲ್ಲಿ ಇಂಗ್ಲಿಷ್ ಅರ್ಥವಾಗಿರಲಿಲ್ಲ, ನಿಜ. ಉಳಿದವನ್ನು ನಾನು ಅಭ್ಯಾಸವೇ ಮಾಡಿರಲಿಲ್ಲ. ಮೊದಲನೆಯದು ನನಗೆ ಬಿದ್ದ ಕವಡೆ. ಎರಡನೆಯದು ನನ್ನದೇ ನಡೆ.

ಬದುಕಿನಲ್ಲಿ ಕವಡೆಯೂ ಇದೆ, ಮಕ್ಕಳೇ. ಇಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಯಾವುದು ಕವಡೆ, ಯಾವುದು ನಮ್ಮ ನಡೆ ಎಂದು ಬೇರೆ ಮಾಡಿ ನೋಡುವುದನ್ನು ನನಗೆ ಕಲಿಸಿದ್ದು ಕವಡೆಯಿಲ್ಲದ ಈ ಆಟ. ಇಂದು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವಾಗಲೂ ನಾನು ಮಾಡುವುದು ಅದನ್ನೇ: ಒಂದೊಂದೇ ನಡೆ ಹಿಂದಕ್ಕೆ ಹೋಗಿ ನೋಡುವುದು.

ಹಂಪಿಯ ಕಲ್ಲುಹಾಸುಗಳ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿದ್ದಾರೆ. ನಮ್ಮ ಶಾಲೆಯ ಜಗಲಿಯಲ್ಲೂ ಒಂದು ಹುಲಿಮನೆ ಬರೆಸಲು ಮುಖ್ಯೋಪಾಧ್ಯಾಯರು ಅನುಮತಿ ಕೊಡಬೇಕೆಂದು ಕೋರುತ್ತೇನೆ. ಬಣ್ಣದ ಖರ್ಚು ನಮ್ಮ ಬ್ಯಾಚಿನದು. ಹುಣಸೆಬೀಜಕ್ಕೆ ಊರಲ್ಲಿ ಬರವಿಲ್ಲ. ಸೋತಾಗ ಮಾತ್ರ ಕಾಯಿ ಚೆಲ್ಲಿ ಎದ್ದು ಹೋಗಬೇಡಿ. ಎಲ್ಲಿ ತಪ್ಪಿತು ಎಂದು ನೋಡಿ, ಕಡೆ ಬದಲಿಸಿ, ಇನ್ನೊಂದು ಆಟ ಆಡಿ.