ನ್ಯೂಯಾರ್ಕ್ ಹೇಳಿದ ಮೇಲೆ ಉಳಿಯುವ ಮಾತು



ದೀಪ ಬೆಳಗಿಸಿದ್ದಾಯಿತು. ಕಾಫಿ ಮೇಳದ ಉದ್ಘಾಟನೆಗೆ ಬಂದವರು ಬೀಜದ ಘಮ, ಮಲೆನಾಡಿನ ಮಂಜು ಎಂದು ನಾಲ್ಕು ಮಾತಾಡುವುದು ವಾಡಿಕೆ. ಅದನ್ನು ಸೊಗಸಾಗಿ ಮಾಡಬಲ್ಲವರು ಮಧ್ಯಾಹ್ನದ ಗೋಷ್ಠಿಯಲ್ಲಿ ಇದ್ದಾರೆ. ನಾನು ಲೆಕ್ಕ ಬರೆದು ಬದುಕಿದವನು. ಹೊರದೇಶಕ್ಕೆ ಕಳಿಸುವ ಮಾಲಿಗೆ ನಮ್ಮಂಥ ದೇಶದ ವ್ಯಾಪಾರಿ ಬೆಲೆ ಕಟ್ಟುವುದು ಹೇಗೆ ಎಂಬ ಒಣ ವಿಷಯವನ್ನೇ ಹಿಡಿದುಕೊಳ್ಳುತ್ತೇನೆ.

ಹೊಸಬರ ನೋಟ್‌ಬುಕ್ ಸಾಮಾನ್ಯವಾಗಿ ಹೀಗಿರುತ್ತದೆ. ಮೇಲೆ ಹಣ್ಣು ಕೊಯ್ಲಿನ ಕೂಲಿ, ಅದರ ಕೆಳಗೆ ಪಲ್ಪಿಂಗ್, ಕಣದಲ್ಲಿ ಒಣಗಿಸಿದ ಖರ್ಚು, ಕ್ಯೂರಿಂಗ್, ಗೋಣಿಚೀಲ, ಮಂಗಳೂರು ಬಂದರಿಗೆ ಲಾರಿ ಬಾಡಿಗೆ. ಎಲ್ಲ ಕೂಡಿಸಿ, ಮೇಲೊಂದಿಷ್ಟು ಲಾಭ ಹಾಕಿದರೆ ಬೆಲೆ ಸಿದ್ಧ. ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಇಟಲಿಯ ಖರೀದಿದಾರನಿಗೆ ಈ ನೋಟ್‌ಬುಕ್ ಬೇಕಾಗಿಲ್ಲ. ಅವನು ಕೇಳುವುದು ಒಂದೇ ಪ್ರಶ್ನೆ: "ಟರ್ಮಿನಲ್ ಮೇಲೆ ಎಷ್ಟು?"

ಟರ್ಮಿನಲ್ ಎಂದರೆ ವಾಯಿದಾ ಮಾರುಕಟ್ಟೆ: ಅರೇಬಿಕಾಕ್ಕೆ ನ್ಯೂಯಾರ್ಕ್, ರೊಬಸ್ಟಾಕ್ಕೆ ಲಂಡನ್. ನ್ಯೂಯಾರ್ಕಿನ ದರ ಪೌಂಡಿಗೆ ಇಷ್ಟು ಸೆಂಟ್ ಎಂದಿರುತ್ತದೆ, ಲಂಡನ್ನಿನದು ಟನ್ನಿಗೆ ಇಷ್ಟು ಡಾಲರ್. ಚಿಕ್ಕಮಗಳೂರಿನಲ್ಲಿ ಮಾತ್ರ 50 ಕಿಲೋ ಮೂಟೆಗೆ ಇಷ್ಟು ರೂಪಾಯಿ. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ಚೆರ್ರಿಯಾದರೆ ಮೂಟೆಯಿಂದ ಎಷ್ಟು ಬೀಜ ಬೀಳುತ್ತದೆ ಎಂಬ ಔಟ್‌ಟರ್ನ್ ಲೆಕ್ಕ ಬೇರೆ. ಈ ಮೂರು ಲೆಕ್ಕಗಳ ನಡುವೆ ಸಲೀಸಾಗಿ ಓಡಾಡಲು ಬಾರದವನು ರಫ್ತಿಗೆ ಇಳಿಯಬಾರದು. ಪೌಂಡಿಗೆ 1 ಸೆಂಟ್ ಎಂದರೆ ಟನ್ನಿಗೆ ಸುಮಾರು 22 ಡಾಲರ್. ಒಂದು ಕಂಟೇನರಿಗೆ 60 ಕಿಲೋದ 320 ಚೀಲ ತುಂಬಿದರೆ 19 ಟನ್ ಚಿಲ್ಲರೆ, ಅಲ್ಲಿಗೆ ಸುಮಾರು 423 ಡಾಲರ್. ಒಂದೇ ದಿನದಲ್ಲಿ ಮಾರುಕಟ್ಟೆ 10 ಸೆಂಟ್ ಆಚೀಚೆ ಆಗುವುದು ಈಗೀಗ ಅಪರೂಪವಲ್ಲ. ನೀವು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕಂಟೇನರಿನ ಬೆಲೆ ನಾಲ್ಕು ಸಾವಿರ ಡಾಲರ್ ಏರಿರಬಹುದು, ಇಳಿದಿರಬಹುದು. ಅದರಲ್ಲಿ ನಿಮ್ಮ ಜಾಣತನವೂ ಇಲ್ಲ, ತಪ್ಪೂ ಇಲ್ಲ.

ಹಾಗಾದರೆ ನಮ್ಮ ಕೈಯಲ್ಲಿ ಏನಿದೆ? ಆ ದರದ ಮೇಲೆ ಕೂಡಿಸುವ ಅಥವಾ ಕಳೆಯುವ ಮೊತ್ತ, ವ್ಯಾಪಾರದವರು ಡಿಫರೆನ್ಷಿಯಲ್ ಎನ್ನುವುದು. ಮಾಲಿನ ಗುಣ, ಊರಿನ ಹೆಸರು, ಸಮಯಕ್ಕೆ ಕಳಿಸುತ್ತೀರಿ ಎಂಬ ನಂಬಿಕೆ, ಎದುರಿನವನ ಅವಸರ, ನಿಮ್ಮ ಅವಸರ, ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತವೆ. ನ್ಯೂಯಾರ್ಕ್ ಎಕ್ಸ್‌ಚೇಂಜಿನ ನಿಯಮಗಳಲ್ಲೇ ದೇಶದೇಶಕ್ಕೆ ಭೇದ ಉಂಟು. ಕೊಲಂಬಿಯಾದ ಕಾಫಿ ಒಪ್ಪಿಸಿದರೆ ಹೆಚ್ಚು ಕೊಡುತ್ತಾರೆ, ಭಾರತದ್ದಕ್ಕೆ ಪೌಂಡಿಗೆ 1 ಸೆಂಟ್ ಮುರಿದುಕೊಳ್ಳುತ್ತಾರೆ. ಇನ್ನೊಂದು ಕಡೆ ನಮ್ಮ ತೊಳೆದ ರೊಬಸ್ಟಾ, ಅಂದರೆ ರೊಬಸ್ಟಾ ಪಾರ್ಚ್‌ಮೆಂಟ್, ಲಂಡನ್ ದರಕ್ಕಿಂತ ಮೇಲೆಯೇ ಮಾರಾಟವಾಗುತ್ತದೆ. ಇಟಲಿಯ ಎಸ್‌ಪ್ರೆಸೊ ಹುರಿಯುವವರಿಗೆ ಲೋಟದ ಮೇಲಿನ ನೊರೆಗೆ ಅದು ಬೇಕು. ಬೇರೆ ಕಡೆ ಅಂಥ ಮಾಲು ಅವರಿಗೆ ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ಹೆಚ್ಚು ಕೊಡುತ್ತಾರೆ.

ಬೆಲೆಯ ಈ ಚಿಂತೆ ನಮ್ಮ ಹಿರಿಯರಿಗೆ ಇರಲಿಲ್ಲ. 1942ರ ಕಾಫಿ ಕಾಯ್ದೆಯ ನಂತರ ಬೆಳೆಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು. ಮಂಡಳಿ ಹರಾಜು ಹಾಕಿ ಕಂತಿನಲ್ಲಿ ಹಣ ಕೊಡುತ್ತಿತ್ತು. ಹೊರಗಡೆ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ದೇಶಕ್ಕಿಷ್ಟು ಎಂದು ಕೋಟಾ ಹಂಚಿ ಬೆಲೆಗೆ ಆಸರೆ ಕೊಟ್ಟಿತ್ತು. 1989ರ ಜುಲೈಯಲ್ಲಿ ಆ ಕೋಟಾ ಮುರಿದುಬಿತ್ತು. ಇಲ್ಲಿ ಪೂಲ್ ಮೆಲ್ಲಮೆಲ್ಲನೆ ಸಡಿಲಗೊಂಡು, 1996ರ ಹೊತ್ತಿಗೆ ಬೆಳೆಗಾರ ತನ್ನ ಮಾಲನ್ನು ತಾನೇ ಮಾರುವಂತಾಯಿತು. ಮಾರುವ ಈ ಸ್ವಾತಂತ್ರ್ಯ ಬಂದ ಐದಾರು ವರ್ಷಕ್ಕೇ ಅದರ ಬೆಲೆಯೂ ಗೊತ್ತಾಯಿತು: 2001ರ ಕೊನೆಗೆ ಅರೇಬಿಕಾ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಬಿತ್ತು. ಅದೇ ಅರೇಬಿಕಾ 2025ರ ಫೆಬ್ರವರಿಯಲ್ಲಿ 4 ಡಾಲರ್ ದಾಟಿತು. ಕೂಲಿ, ಗೊಬ್ಬರ, ಡೀಸೆಲ್ ಏರಿದ್ದು ನಿಜ, ಆದರೆ ಎಂಟು ಪಟ್ಟು ನೆಗೆದ ಬೆಲೆಗೆ ಅವು ಕಾರಣವಲ್ಲ. ಖರ್ಚಿಗೂ ಬೆಲೆಗೂ ನಡುವೆ ಎಷ್ಟು ದೂರ ಇರಬಹುದು ಎಂಬುದನ್ನು ಈ ಎರಡು ಅಂಕಿಗಳಿಗಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು.

ಆದ್ದರಿಂದ ಖರ್ಚಿನ ನೋಟ್‌ಬುಕ್ಕನ್ನು ಬಿಸಾಡಿ ಎನ್ನುತ್ತಿಲ್ಲ. ಅದರ ಕೆಲಸ ಬೇರೆ. ಎಷ್ಟು ಕೇಳಬೇಕು ಎಂದು ಅದು ಹೇಳುವುದಿಲ್ಲ, ಎಲ್ಲಿ ಎದ್ದು ಬರಬೇಕು ಎಂದು ಹೇಳುತ್ತದೆ. ಎದ್ದು ಬರಲು ಶಕ್ತಿ ಬೇಕು, ತೊಡಕು ಇರುವುದೇ ಅಲ್ಲಿ. ರಫ್ತಿಗೆಂದು ಬ್ಯಾಂಕಿನಿಂದ ತಂದ ಪ್ಯಾಕಿಂಗ್ ಕ್ರೆಡಿಟ್ ಸಾಲದ ಗಡುವು ಮುಗಿಯುತ್ತಾ ಬಂದಿದೆ, ಗೋದಾಮಿನ ಬಾಡಿಗೆ ಏರುತ್ತಿದೆ, ಮಾಲು ಕೊಟ್ಟ ಬೆಳೆಗಾರ ಹಣಕ್ಕೆ ಫೋನ್ ಮಾಡುತ್ತಿದ್ದಾನೆ. ಇಂಥ ಹೊತ್ತಿನಲ್ಲಿ ಹ್ಯಾಂಬರ್ಗಿನಿಂದ "ಎರಡು ಸೆಂಟ್ ಇಳಿಸಿ" ಎಂದು ಸಂದೇಶ ಬಂದರೆ, ಇಳಿಸುತ್ತೇವೆ. ನಮ್ಮ ಕಾಫಿ ಕೆಟ್ಟದಾಯಿತು ಅಂತಲ್ಲ, ಕಾಯಲು ಆಗುವುದಿಲ್ಲ ಅಂತ. ಬಡ ದೇಶಗಳ ರಫ್ತುದಾರರು ಕಡಿಮೆ ಬೆಲೆಗೆ ಮಾರುತ್ತಾರೆ ಎಂದು ಅರ್ಥಶಾಸ್ತ್ರಜ್ಞರು ಬರೆದಾಗ ಕೂಲಿ ಅಗ್ಗ ಎಂಬುದನ್ನಷ್ಟೇ ಎತ್ತಿ ಹೇಳುತ್ತಾರೆ. ಬಡ್ಡಿ ದುಬಾರಿ ಎಂಬುದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು.

ಸರ್ಕಾರವೇ ಬೆಲೆ ಗೊತ್ತುಮಾಡಲಿ ಎಂದು ಕೆಲವರು ಕೇಳುತ್ತಾರೆ. ಕೋಕೋದಲ್ಲಿ ಅದು ನಡೆದಿದೆ. ಐವರಿ ಕೋಸ್ಟ್ ಮತ್ತು ಘಾನಾ, ಇವೆರಡೇ ದೇಶ ಸೇರಿದರೆ ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು. 2019ರಲ್ಲಿ ಅವು ಒಗ್ಗಟ್ಟಾಗಿ, 2020-21ರ ಹಂಗಾಮಿನಿಂದ ಟನ್ನಿಗೆ 400 ಡಾಲರ್ ಹೆಚ್ಚು ಕೊಡಬೇಕು, ಅದು ರೈತರ ಬದುಕಿಗೆ ಎಂದು ಘೋಷಿಸಿದವು. ಚಾಕೊಲೇಟ್ ಕಂಪನಿಗಳು ಒಪ್ಪಿದವು. ಆಮೇಲೇನಾಯಿತು? ಗುಣಮಟ್ಟಕ್ಕೆಂದು ಮೊದಲಿನಿಂದ ಕೊಡುತ್ತಿದ್ದ ಡಿಫರೆನ್ಷಿಯಲ್ ಇಳಿಯುತ್ತಾ ಹೋಗಿ ಸೊನ್ನೆಗಿಂತ ಕೆಳಗೆ ಹೋಯಿತು. ಒಂದು ಜೇಬಿಗೆ ಹಾಕಿದ್ದನ್ನು ಇನ್ನೊಂದು ಜೇಬಿನಿಂದ ತೆಗೆದರು. ಸಿಟ್ಟಿಗೆದ್ದ ಎರಡೂ ದೇಶಗಳು 2022ರಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ಕೋಕೋ ಉದ್ಯಮದ ಸಭೆಗೆ ಹೋಗದೇ ಉಳಿದವು. ಅರ್ಧ ಜಗತ್ತಿಗೆ ಕೋಕೋ ಕೊಡುವವರ ಪಾಡೇ ಇದಾದರೆ, ಜಗತ್ತಿನ ಕಾಫಿಯಲ್ಲಿ ಸಣ್ಣ ಪಾಲಿನ ನಾವು ದೆಹಲಿಯ ಕಡೆ ನೋಡುತ್ತಾ ಕೂತರೆ ಏನು ಸಿಕ್ಕೀತು?

ಇಥಿಯೋಪಿಯಾ ಬೇರೆ ದಾರಿ ಹಿಡಿಯಿತು. ಸಿದಾಮೊ, ಹರಾರ್, ಯಿರ್ಗಾಚೆಫ್ ಎಂಬ ತನ್ನ ಊರುಗಳ ಹೆಸರಿಗೇ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಕೇಳಿ, ಎದುರಾದ ತಕರಾರನ್ನು ದಾಟಿ, 2007ರಲ್ಲಿ ಸ್ಟಾರ್‌ಬಕ್ಸ್ ಜೊತೆ ಒಪ್ಪಂದಕ್ಕೆ ಬಂತು. ನಮ್ಮಲ್ಲೂ ಕೊಡಗು, ಚಿಕ್ಕಮಗಳೂರಿನ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ್ದೂ ಆಗಿದೆ. ಮಿಲಾನಿನ ಅಂಗಡಿಯ ಪೊಟ್ಟಣದ ಮೇಲೆ ಆ ಹೆಸರು ಬರುವವರೆಗೂ ಅದಕ್ಕೆ ಬಿಲ್ಲಿನಲ್ಲಿ ಜಾಗವಿಲ್ಲ.

ಹೆಸರಿನಿಂದ ಬೆಲೆ ಗಿಟ್ಟಿಸಿದ ನಮ್ಮದೇ ಮಾಲು ಇದೆ, ಮಾನ್ಸೂನ್ಡ್ ಮಲಬಾರ್. ಹಾಯಿಹಡಗಿನ ಕಾಲದಲ್ಲಿ ನಮ್ಮ ಕಾಫಿ ಗುಡ್ ಹೋಪ್ ಭೂಶಿರ ಸುತ್ತಿ ತಿಂಗಳುಗಟ್ಟಲೆ ಕಡಲಗಾಳಿ ಕುಡಿದು ಯುರೋಪ್ ಸೇರುತ್ತಿತ್ತು. ಬೀಜ ಉಬ್ಬಿ, ಹಸಿರು ಹೋಗಿ, ಬಿಳಿಚಿಕೊಂಡಿರುತ್ತಿತ್ತು. ಸೂಯೆಜ್ ಕಾಲುವೆ, ಉಗಿಹಡಗು ಬಂದು ಪಯಣ ಚಿಕ್ಕದಾದಾಗ ಹಳೆಯ ಗಿರಾಕಿಗಳು ರುಚಿ ಕೆಟ್ಟಿತು ಎಂದು ದೂರಿದರು! ಅವರಿಗಾಗಿ ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಜ ಹರಡಿ, ಮಳೆಗಾಳಿ ಹಾಯಿಸಿ, ಮತ್ತೆ ಮತ್ತೆ ಚೀಲ ಬದಲಿಸಿ ಅದೇ ಬಣ್ಣ, ರುಚಿ ತರಿಸಿದರು. ಬ್ರೆಜಿಲ್‌ನಲ್ಲಿ ಈ ಗಾಳಿ ಬೀಸುವುದಿಲ್ಲ. ಹಾಗಾಗಿ ಈ ಮಾಲು ಕೊಳ್ಳುವವನು ನ್ಯೂಯಾರ್ಕಿನ ಅಂಕಿಗಿಂತ ಮೊದಲು ನಿಮ್ಮ ಗೋದಾಮಿನ ಬಗ್ಗೆ ಕೇಳುತ್ತಾನೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ನಡೆದ ದಾಳಿಗಳಿಂದಾಗಿ ನಮ್ಮ ಕಂಟೇನರುಗಳು ಮತ್ತೆ ಗುಡ್ ಹೋಪ್ ಸುತ್ತಲು ಶುರುವಾದಾಗ, ಈ ಸಲ ರುಚಿಯೇನೂ ಹೆಚ್ಚಲಿಲ್ಲ, ಬಾಡಿಗೆ ಮಾತ್ರ ಹೆಚ್ಚಿತು.

ಇನ್ನು ಡಾಲರ್. ಮೈಸೂರಿನಲ್ಲಿ ಓದಿದ ಅರ್ಥಶಾಸ್ತ್ರಜ್ಞೆ ಗೀತಾ ಗೋಪಿನಾಥ್ 2015ರಲ್ಲಿ ಒಂದು ಪ್ರಬಂಧ ಮಂಡಿಸಿದ್ದರು. ಭಾರತದ ರಫ್ತಿನಲ್ಲಿ ಶೇ. 86ರಷ್ಟರ ಬಿಲ್ಲು ಡಾಲರಿನಲ್ಲಿ, ಅಮೆರಿಕಕ್ಕೆ ಹೋಗುವ ಮಾಲು ಮಾತ್ರ ಶೇ. 15 ಎಂಬ ಲೆಕ್ಕ ಅದರಲ್ಲಿತ್ತು. ನಾವು ಕೂಲಿ ಕೊಡುವುದು ರೂಪಾಯಿಯಲ್ಲಿ, ಇಟಲಿಯವನು ಲೋಟ ಮಾರುವುದು ಯೂರೋದಲ್ಲಿ, ಮಾತುಕತೆ ಮಾತ್ರ ಡಾಲರಿನಲ್ಲಿ. ರೂಪಾಯಿ ಬಿದ್ದರೆ ರಫ್ತುದಾರನಿಗೆ ಹಬ್ಬ ಎಂದು ಪತ್ರಿಕೆಗಳು ಬರೆಯುತ್ತವೆ. ಖರೀದಿದಾರನೂ ಅದನ್ನು ಓದಿರುತ್ತಾನೆ, "ನಿಮಗೆ ಹೇಗೂ ಲಾಭವಾಯಿತಲ್ಲ" ಎಂದು ಡಿಫರೆನ್ಷಿಯಲ್‌ಗೆ ಕೈಹಾಕುತ್ತಾನೆ. ಬ್ರೆಜಿಲ್‌ನ ರಿಯಾಲ್ ಬಿದ್ದರಂತೂ ಅಲ್ಲಿನ ಬೆಳೆಗಾರರು ಹುರುಪಿನಿಂದ ಮಾರತೊಡಗಿ ಡಾಲರಿನ ದರವೇ ತಗ್ಗುತ್ತದೆ. ಮೂಡಿಗೆರೆಯಲ್ಲಿ ಕೂತು ಬೆಳಿಗ್ಗೆ ನೋಡಬೇಕಾದ ನಾಣ್ಯ ಒಂದಲ್ಲ, ಎರಡು.

ರಫ್ತುದಾರರಿಗೆ ಕಹಿಯಾಗುವ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಟರ್ಮಿನಲ್ ಬಿದ್ದ ದಿನ ಸಂಜೆಯೊಳಗೆ ಬೆಳೆಗಾರನ ಮೂಟೆಗೆ ದರ ಇಳಿಯುತ್ತದೆ. ಏರಿದ ದಿನ "ನಾಳೆ ನೋಡೋಣ" ಎನ್ನುತ್ತೇವೆ. ಹೊರಗಿನವರು ನಮಗೆ ಮಾಡುವುದನ್ನೇ ನಾವು ಒಳಗೆ ಮಾಡುತ್ತಿದ್ದೇವೆ. ಡಿಫರೆನ್ಷಿಯಲ್ ಎಷ್ಟು ಸಿಕ್ಕಿತೆಂದು ಬೆಳೆಗಾರನಿಗೆ ತಿಳಿಸುವ ರಫ್ತುದಾರ ಅಪರೂಪ. ತಿಳಿಸಿದರೆ, ಮುಂದಿನ ಹಂಗಾಮಿನಲ್ಲಿ ಹಣ್ಣನ್ನಷ್ಟೇ ಆರಿಸಿ ಕೊಯ್ಯಲು ಅವನಿಗೆ ಕಾರಣ ಸಿಗುತ್ತದೆ. ಆ ಆಯ್ದ ಹಣ್ಣಿನ ಮೇಲೇ ಅಲ್ಲವೇ ನೀವು ಇಟಲಿಯವನ ಹತ್ತಿರ ಎರಡು ಸೆಂಟ್ ಹೆಚ್ಚು ಕೇಳುವುದು?

ಊಟದ ನಂತರ ಕಾಫಿಯ ರುಚಿ ನೋಡಿ ಅಂಕ ಕೊಡುವ ಕಪ್ಪಿಂಗ್ ಕೋಣೆ ತೆರೆಯುತ್ತದೆ, ಖರೀದಿದಾರರೂ ಅಲ್ಲಿರುತ್ತಾರೆ. ಬೆಳೆಗಾರರು ಹೊರಗೆ ನಿಂತು ಇಣುಕಬೇಡಿ, ಒಳಗೆ ಹೋಗಿ ನಿಮ್ಮದೇ ತೋಟದ ಲೋಟಕ್ಕೆ ಅವರು ಎಷ್ಟು ಅಂಕ ಬರೆದರು ಎಂದು ಕೇಳಿ. ಅವರು ಹೇಳುತ್ತಾರೆ, ಕೇಳಿದವರಿಗೆ. ಮೇಳ ಉದ್ಘಾಟನೆಯಾಗಿದೆ ಎಂದು ಘೋಷಿಸುತ್ತೇನೆ.