ಹದಿನೆಂಟು ಕಚೇರಿಗಳ ಕೆಂಪು ಮನೆ

(ಘಾಟಿ ಸುಬ್ರಹ್ಮಣ್ಯದಲ್ಲಿ ಸಾರ್ವಜನಿಕರ ಮುಂದೆ ಮಾಡಿದ ಭಾಷಣದ ಪಾಠ)



ಬೆಂಗಳೂರಿನಿಂದ ಘಾಟಿಗೆ ಬರುವವರು ದೇವರ ದರ್ಶನಕ್ಕೆ ಬರುತ್ತಾರೆ. ಘಾಟಿಯಿಂದ ಬೆಂಗಳೂರಿಗೆ ಹೋಗುವವರು ಬಹುತೇಕ ಕಚೇರಿ ಕೆಲಸಕ್ಕೆ ಹೋಗುತ್ತಾರೆ. ಖಾತೆ, ಪಹಣಿ, ಭೂಸ್ವಾಧೀನದ ಪರಿಹಾರ, ಕೋರ್ಟಿನ ತಾರೀಖು, ಹೀಗೆ ಒಂದಲ್ಲ ಒಂದು ಕಾಗದ ಕೈಯಲ್ಲಿರುತ್ತದೆ. ಕಬ್ಬನ್ ಪಾರ್ಕಿನ ಅಂಚಿನಲ್ಲಿ ಉದ್ದಕ್ಕೆ ಚಾಚಿಕೊಂಡಿರುವ ಕೆಂಪು ಕಟ್ಟಡವನ್ನು ಇವರೆಲ್ಲ ನೋಡಿರುತ್ತಾರೆ. ಕೇಳಿದರೆ 'ಹೈಕೋರ್ಟು' ಎನ್ನುತ್ತಾರೆ. ಅದು ನಿಜವೇ. ಆದರೆ ಆ ಕಟ್ಟಡಕ್ಕೆ ಹುಟ್ಟಿದಾಗ ಇಟ್ಟ ಹೆಸರು ಬೇರೆ: ಅಠಾರಾ ಕಚೇರಿ.

'ಅಠಾರಾ' ಎಂದರೆ ಹಿಂದೂಸ್ತಾನಿಯಲ್ಲಿ ಹದಿನೆಂಟು. ಹಳೆಯ ಮೈಸೂರು ಸಂಸ್ಥಾನದ ಕಂದಾಯ ಮತ್ತು ಸಾಮಾನ್ಯ ಆಡಳಿತದ ಹದಿನೆಂಟು ಇಲಾಖೆಗಳಿಗೆ ಒಟ್ಟಾಗಿ ಇದ್ದ ಹೆಸರು ಅದು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಬ್ರಿಟಿಷರು ಆಡಳಿತವನ್ನು ತೆಗೆದುಕೊಂಡರು. ಮೈಸೂರಿನಲ್ಲಿದ್ದ ಕಚೇರಿಗಳು ಬೆಂಗಳೂರಿಗೆ ಬಂದವು. ಹೊಸ ಕಟ್ಟಡವಿರಲಿಲ್ಲ. ಕೋಟೆಯ ಬಳಿ ಟಿಪ್ಪು ಸುಲ್ತಾನನ ಅರಮನೆ ಇತ್ತು. ಅದರಲ್ಲೇ ಸಂಸಾರ ಹೂಡಿದವು. ಮರದ ಕಂಬಗಳ ಆ ಅರಮನೆಯ ಪಡಸಾಲೆಗಳಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಇಡೀ ಸಂಸ್ಥಾನದ ಲೆಕ್ಕಪತ್ರಗಳು ನಡೆದವು.

1862ರಲ್ಲಿ ಕಮಿಷನರಾಗಿ ಬಂದ ಲೆವಿನ್ ಬೌರಿಂಗ್ ಆಡಳಿತವನ್ನು ಹೊಸದಾಗಿ ಹೊಂದಿಸಿದರು. ಸಂಸ್ಥಾನವನ್ನು ಮೂರು ವಿಭಾಗ, ಎಂಟು ಜಿಲ್ಲೆಗಳಾಗಿ ವಿಂಗಡಿಸಿದರು. ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳು ಸೇರಿದ ವಿಭಾಗಕ್ಕೆ ಇಟ್ಟ ಹೆಸರು ನಂದಿದುರ್ಗ. ನಮ್ಮ ಈ ಸೀಮೆಯ ಬೆಟ್ಟದ ಹೆಸರೇ. ಇಲಾಖೆ ಬೆಳೆದರೆ ಕಡತ ಬೆಳೆಯುತ್ತದೆ, ಕಡತ ಬೆಳೆದರೆ ಜಾಗ ಬೇಕಾಗುತ್ತದೆ. 1864ರಲ್ಲಿ ಹೊಸ ಕಟ್ಟಡದ ಕೆಲಸ ಆರಂಭವಾಗಿ 1868ರಲ್ಲಿ ಮುಗಿಯಿತು. ವಿನ್ಯಾಸ ಮಾಡಿದವರು ಮುಖ್ಯ ಇಂಜಿನಿಯರ್ ರಿಚರ್ಡ್ ಸ್ಯಾಂಕಿ. ಸ್ಯಾಂಕಿ ಕೆರೆಗೆ ಇರುವುದೂ, ಕಬ್ಬನ್ ಪಾರ್ಕಿನ ಹಿಂದೆ ಇರುವುದೂ ಇವರ ಹೆಸರೇ. ಕಟ್ಟಿಸಿದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರು. ಅವರು 1873ರಲ್ಲಿ ಬಡ ಮಕ್ಕಳಿಗಾಗಿ ತೆರೆದ ಶಾಲೆಯಿಂದ ಬೆಳೆದ ಆರ್‌ಬಿಎಎನ್‌ಎಂ ವಿದ್ಯಾಸಂಸ್ಥೆಗಳು ಇಂದಿಗೂ ನಡೆಯುತ್ತಿವೆ.

ಕಟ್ಟಡವನ್ನು ನೋಡುವಾಗ ಮೊದಲು ಗಮನಿಸಬೇಕಾದುದು ಅದರ ಉದ್ದ. ಎರಡೇ ಅಂತಸ್ತು. ನಡುವೆ ಮುಖ್ಯ ಭಾಗ, ಎರಡೂ ಬದಿಗೆ ರೆಕ್ಕೆಗಳು. ಮುಂದೆ ಕಂಬಗಳ ಸಾಲು. ಕಂಬದ ತುದಿಯಲ್ಲಿ ಟಗರಿನ ಕೊಂಬಿನ ಹಾಗೆ ಸುರುಳಿ ಕಾಣುತ್ತದೆ. ಇದು ಪ್ರಾಚೀನ ಗ್ರೀಸಿನ ಅಯೋನಿಕ್ ಶೈಲಿ. ದೂರದ ಗ್ರೀಸಿನ ದೇವಾಲಯಗಳ ಕಂಬ ಮೈಸೂರಿನ ಕಂದಾಯ ಕಚೇರಿಗೆ ಹೇಗೆ ಬಂತು ಎಂದರೆ, ಆಗಿನ ಇಂಗ್ಲೆಂಡಿನಲ್ಲಿ ಸರ್ಕಾರಿ ಕಟ್ಟಡಕ್ಕೆ ಗಾಂಭೀರ್ಯ ಬೇಕೆಂದರೆ ಗ್ರೀಸ್ ಮತ್ತು ರೋಮಿನ ಮಾದರಿಯನ್ನೇ ಹಿಡಿಯುತ್ತಿದ್ದರು. ಆ ರೂಢಿ ಇಂಜಿನಿಯರುಗಳ ಜೊತೆ ಹಡಗಿನಲ್ಲಿ ಬಂತು. ಕಟ್ಟಿದ ಕೈಗಳು ಮಾತ್ರ ಇಲ್ಲಿಯವು.

1881ರಲ್ಲಿ ಆಡಳಿತ ಒಡೆಯರ ಮನೆತನಕ್ಕೆ ಮರಳಿತು. ಆದರೂ ಸರ್ಕಾರದ ಕಚೇರಿಗಳು ಈ ಕಟ್ಟಡದಲ್ಲೇ ಉಳಿದವು. ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್ ಇವರೆಲ್ಲರ ದಿವಾನಗಿರಿಯ ಕಾಲಕ್ಕೂ ಸಂಸ್ಥಾನದ ಆಡಳಿತದ ಕೇಂದ್ರ ಇದೇ. ಊರಿನ ಶ್ಯಾನುಭೋಗರು ಬರೆದ ಲೆಕ್ಕ ಅಮಲ್ದಾರರ ಕಚೇರಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಕೊನೆಗೆ ಸರ್ಕಾರದ ಈ ಕಚೇರಿಗೆ ಹೋಗುತ್ತಿತ್ತು. ಮಳೆ ಕೈಕೊಟ್ಟ ವರ್ಷ ಕಂದಾಯ ಮಾಫಿ ಆಗಬೇಕಾದರೂ ಹುಕುಂ ಬರಬೇಕಾದುದು ಮೇಲಿನಿಂದಲೇ. ಹಳ್ಳಿಯ ರೈತ ಈ ಕಟ್ಟಡವನ್ನು ಕಣ್ಣಿಂದ ಕಾಣದೇ ಇರಬಹುದು. ಕಟ್ಟಡ ಅವನ ಹೊಲವನ್ನು ಸರ್ವೆ ನಂಬರಿನಿಂದ ಬಲ್ಲದು.

ಸ್ವಾತಂತ್ರ್ಯ ಬಂದ ಮೇಲೆ ಈ ಕಟ್ಟಡಕ್ಕೆ ಎದುರಾಗಿ ಇನ್ನೊಂದು ಎದ್ದಿತು. 1951ರ ಜುಲೈ 13ರಂದು ಜವಾಹರಲಾಲ್ ನೆಹರು ವಿಧಾನಸೌಧಕ್ಕೆ ಅಡಿಗಲ್ಲು ಹಾಕಿದರು. ಆಗಿನ ಯೋಜನೆ ಸರಳವಾಗಿತ್ತು. 1952ರಲ್ಲಿ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಅದನ್ನು ಬದಲಿಸಿ ದ್ರಾವಿಡ ಶೈಲಿಯ ಭವ್ಯ ಕಟ್ಟಡ ಮಾಡಿಸಿದರು. ರಷ್ಯದಿಂದ ಬಂದ ನಿಯೋಗವೊಂದು ನಗರವನ್ನೆಲ್ಲ ನೋಡಿ, ನಿಮ್ಮದೇ ಆದ ವಾಸ್ತುಶಿಲ್ಪ ಇಲ್ಲವೇ ಎಂದು ಕೇಳಿತಂತೆ; ಆ ಮಾತು ತಮ್ಮನ್ನು ಚುಚ್ಚಿತೆಂದು ಹನುಮಂತಯ್ಯನವರು ಹೇಳುತ್ತಿದ್ದ ಪ್ರಸಂಗ ಪ್ರಸಿದ್ಧ. ಹೆಸರಘಟ್ಟದ ಸುತ್ತಿನ ಕಲ್ಲು ಅದಕ್ಕೆ ಹೋಯಿತು. ನುರಿತ ಕಲ್ಲುಕುಟಿಗರ ಜೊತೆ ಜೈಲಿನ ಕೈದಿಗಳೂ ದುಡಿದರು. 1956ರಲ್ಲಿ ಸೌಧ ಸಿದ್ಧವಾಯಿತು. ಬಾಗಿಲ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಕೆತ್ತಲಾಯಿತು.

ಘಾಟಿಯಲ್ಲಿ ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ನರಸಿಂಹನನ್ನು ಕಾಣಲು ಹಿಂದೆ ಕನ್ನಡಿ ಇಟ್ಟಿದೆ. ಬೆಂಗಳೂರಿನ ಈ ಎರಡು ಕಟ್ಟಡಗಳ ನಡುವೆ ಕನ್ನಡಿ ಇಲ್ಲ, ಅಂಬೇಡ್ಕರ್ ವೀಧಿ ಇದೆ. ರಸ್ತೆಯ ಒಂದು ಬದಿಗೆ ಹೊರಗಿನವರ ಆಳ್ವಿಕೆ ಕಟ್ಟಿದ ಕಚೇರಿ, ಇನ್ನೊಂದು ಬದಿಗೆ ಓಟು ಹಾಕಿದವರ ಸರ್ಕಾರ ಕಟ್ಟಿದ ಕಚೇರಿ. ಒಂದನ್ನು ನೋಡಿದವರು ತಿರುಗಿ ನಿಂತು ಇನ್ನೊಂದನ್ನೂ ನೋಡಬೇಕು. ಹಾಗೆ ನೋಡಿದರೆ ನೂರು ವರ್ಷದಲ್ಲಿ ಏನು ಬದಲಾಯಿತು ಎಂಬುದು ತಿಳಿಯುತ್ತದೆ.

ಸಚಿವಾಲಯ ಎದುರಿನ ಸೌಧಕ್ಕೆ ಹೋದ ಮೇಲೆ ಕೆಂಪು ಕಟ್ಟಡ ಹೈಕೋರ್ಟಿನದಾಯಿತು. ಆದರೆ 1980ರ ದಶಕದಲ್ಲಿ ಅದಕ್ಕೆ ಗಂಡಾಂತರ ಬಂತು. ಜಾಗ ಸಾಲದು, ಕಟ್ಟಡ ಹಳೆಯದು, ಕೆಡವಿ ಹೊಸದು ಕಟ್ಟಬೇಕು ಎಂಬ ಯೋಜನೆ ಸಿದ್ಧವಾಯಿತು. ಕೆಡವುವವರ ವಾದದಲ್ಲೂ ಹುರುಳಿತ್ತು. ಹದಿನೆಂಟು ಇಲಾಖೆಗೆ ಕಟ್ಟಿದ ಮನೆಯಲ್ಲಿ ಇಡೀ ರಾಜ್ಯದ ಮೊಕದ್ದಮೆಗಳು ನಡೆಯಬೇಕಿತ್ತು. ವಕೀಲರಿಗೂ ಕಕ್ಷಿದಾರರಿಗೂ ಜಾಗವಿರಲಿಲ್ಲ. ಆದರೆ ನಾಗರಿಕರು ಪ್ರತಿಭಟಿಸಿದರು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ತಾನು ಉಳಿಯಬೇಕೋ ಬೇಡವೋ ಎಂಬ ವಾದ ಆ ಕಟ್ಟಡದೊಳಗೇ ನಡೆಯಿತು. ಕೊನೆಗೆ ಹಳೆಯದನ್ನು ಉಳಿಸಿಕೊಂಡು, ಹಿಂಬದಿಯಲ್ಲಿ ಅದೇ ಕೆಂಪು ಬಣ್ಣದ ಹೊಸ ಕಟ್ಟಡಗಳು ಬಂದವು. ಜಾಗದ ಕೊರತೆಗೆ ಕೆಡವುವುದೊಂದೇ ಪರಿಹಾರವಲ್ಲ ಎಂಬುದಕ್ಕೆ ಇದು ಸಾಕ್ಷಿ.

ನೋಡಲು ಹೋಗುವವರಿಗೆ ದಾರಿ ಸುಲಭ. ಮೆಜೆಸ್ಟಿಕ್‌ನಿಂದ ಮೆಟ್ರೊ ಹತ್ತಿದರೆ ವಿಧಾನಸೌಧದ ನಿಲ್ದಾಣ ಎರಡನೆಯದು. ಹೈಕೋರ್ಟಿನ ಒಳಗೆ ಭದ್ರತೆ ಬಿಗಿ. ಸುಮ್ಮನೆ ನೋಡಲು ಹೋದವರು ಹೊರಗಿನಿಂದ, ಕಬ್ಬನ್ ಪಾರ್ಕಿನ ಮರಗಳ ನಡುವೆ ನಿಂತು ನೋಡುವುದೇ ಲೇಸು. ಕಟ್ಟಡದ ಮುಂದೆ ಬಹುಕಾಲ ಇದ್ದ, ಕುದುರೆ ಏರಿದ ಮಾರ್ಕ್ ಕಬ್ಬನ್ ಪ್ರತಿಮೆಯನ್ನು 2020ರಲ್ಲಿ ಪಾರ್ಕಿನೊಳಕ್ಕೆ ಸಾಗಿಸಲಾಗಿದೆ. ವಿಧಾನಸೌಧವನ್ನು ಒಳಗಿನಿಂದ ತೋರಿಸುವ ಮಾರ್ಗದರ್ಶಿ ವೀಕ್ಷಣೆ 2025ರಲ್ಲಿ ಆರಂಭವಾಯಿತು.

ಒಂದು ಮಾತು ಉಳಿದಿದೆ. ಹಳೆಯ ಕಚೇರಿಗಳು ಬೆಂಗಳೂರಿನಲ್ಲಿ ಮಾತ್ರ ಇಲ್ಲ. ನಮ್ಮ ತಾಲ್ಲೂಕು, ಹೋಬಳಿಗಳಲ್ಲೂ ದಪ್ಪ ಗೋಡೆಯ, ಹೆಂಚು ಹೊದಿಸಿದ ಕಚೇರಿಗಳು, ಚಾವಡಿಗಳು, ಮುಸಾಫರಖಾನೆಗಳು ಅಲ್ಲಲ್ಲಿ ಉಳಿದಿವೆ. ಬೆಂಗಳೂರಿನ ಕಟ್ಟಡಕ್ಕೆ ವಕೀಲರು ಸಿಕ್ಕರು, ಪತ್ರಿಕೆಗಳು ಸಿಕ್ಕವು. ಹೋಬಳಿಯ ಚಾವಡಿ ಬಿದ್ದರೆ ಕೇಳುವವರಿಲ್ಲ. ಆದ್ದರಿಂದ ಮುಂದಿನ ಸಲ ಕಾಗದ ಹಿಡಿದು ಬೆಂಗಳೂರಿಗೆ ಹೋದವರು ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಆ ಕೆಂಪು ಕಟ್ಟಡದೆದುರು ನಿಂತು ಬನ್ನಿ. ಊರಿಗೆ ಮರಳಿದ ಮೇಲೆ, ನಮ್ಮ ಚಾವಡಿಯ ಸೂರು ಈ ಮಳೆಗಾಲ ದಾಟುತ್ತದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ.