ಖಗೋಳಜ್ಞನ ಕಾವ್ಯಪ್ರೀತಿ

ಯುರೇನಸ್ ಗ್ರಹದ ನಾಲ್ಕು ಉಪಗ್ರಹಗಳ ಹೆಸರುಗಳನ್ನು ಗಮನಿಸಿ: ಟೈಟಾನಿಯ, ಓಬೆರಾನ್, ಏರಿಯಲ್, ಅಂಬ್ರಿಯಲ್. ಮೊದಲಿನವರಿಬ್ಬರು ಷೇಕ್ಸ್‌ಪಿಯರನ ನಾಟಕದ ಯಕ್ಷದಂಪತಿಗಳು. ಅಂಬ್ರಿಯಲ್ ಪೋಪ್ ಕವಿಯ ಕಾವ್ಯದವನು. ಏರಿಯಲ್ ಇಬ್ಬರಲ್ಲಿಯೂ ಬರುತ್ತಾನೆ. 1852ರಲ್ಲಿ ಪ್ರಕಟವಾದ ಈ ನಾಮಕರಣ ಸರ್ ಜಾನ್ ಹರ್ಷೆಲನದು (1792–1871). ಆ ಗ್ರಹವನ್ನು 1781ರಲ್ಲಿ ಕಂಡುಹಿಡಿದ ವಿಲಿಯಂ ಹರ್ಷೆಲನ ಮಗ ಈತ.

ತಂದೆ ಇಂಗ್ಲೆಂಡಿನಿಂದ ನಡೆಸಿದ ಶೋಧನೆಯನ್ನು ಪೂರ್ಣಗೊಳಿಸಲೆಂದು ಮಗ 1834ರಿಂದ 1838ರವರೆಗೆ ಆಫ್ರಿಕದ ಗುಡ್‌ಹೋಪ್ ಭೂಶಿರದಲ್ಲಿ ನೆಲಸಿ ದಕ್ಷಿಣಾಕಾಶದ ನೀಹಾರಿಕೆಗಳನ್ನೂ ಜೋಡಿನಕ್ಷತ್ರಗಳನ್ನೂ ಪಟ್ಟಿಮಾಡಿದನು. ಬಿಡುವಿನಲ್ಲಿ ಅಲ್ಲಿಯ ಹೂಗಿಡಗಳ ರೇಖಾಚಿತ್ರ ಬರೆದನು. ಬಣ್ಣ ತುಂಬಿದವಳು ಮಡದಿ ಮಾರ್ಗರೆಟ್. ಬೆಳ್ಳಿಯ ಲವಣಗಳನ್ನು ಕರಗಿಸುವ ‘ಹೈಪೊ’ವಿನ ಗುಣವನ್ನು ಆತ 1819ರಲ್ಲಿಯೇ ಗುರುತಿಸಿದ್ದನು, ಮುಂದೆ ಛಾಯಾಚಿತ್ರಗಳು ಮಾಸದೆ ಉಳಿದದ್ದು ಅದರಿಂದ. ನೀಲನಕ್ಷೆಯ ಮುದ್ರಣವಿಧಾನವೂ 1842ರಲ್ಲಿ ಆತ ಕಂಡುಕೊಂಡದ್ದೇ.

ಇಂಥವನು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1866ರಲ್ಲಿ, ಹೋಮರನ ‘ಇಲಿಯಡ್’ ಮಹಾಕಾವ್ಯದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದನು. ಅದೂ ಮೂಲದ ಆರು ಗಣಗಳ ಪಾದದಲ್ಲಿ. ಗ್ರೀಕ್ ಛಂದಸ್ಸು ನಮ್ಮ ವೃತ್ತಗಳಂತೆ ಗುರುಲಘುಗಳನ್ನು ನೆಚ್ಚಿದ್ದು. ಇಂಗ್ಲಿಷ್ ಪದ್ಯ ನಡೆಯುವುದು ಉಚ್ಚಾರದ ಒತ್ತಿನ ಮೇಲೆ. ಒಂದರ ನಡೆಯನ್ನು ಇನ್ನೊಂದಕ್ಕೆ ಕಲಿಸುವುದು ಸುಲಭವಲ್ಲ.

ಇದನ್ನು ವಿಜ್ಞಾನಿಯೊಬ್ಬನ ಕಾಲಕ್ಷೇಪವೆನ್ನಲಾಗದು. ನಕ್ಷತ್ರದ ಸ್ಥಾನವನ್ನು ಅಳೆಯಲು ಬೇಕಾದ ತಾಳ್ಮೆಯನ್ನೇ ಆತ ಪದ್ಯದ ಪಾದಕ್ಕೂ ಕೊಟ್ಟನು. ಹದಿನಾರು ತುಂಬುವಷ್ಟರಲ್ಲಿ ಮಕ್ಕಳನ್ನು ವಿಜ್ಞಾನದವರು, ಸಾಹಿತ್ಯದವರು ಎಂದು ಬೇರೆಬೇರೆ ಕೊಠಡಿಗಳಲ್ಲಿ ಕೂರಿಸುವ ನಾವು, ಒಂದನ್ನು ಕೊಡುವಾಗ ಇನ್ನೊಂದನ್ನು ಅವರಿಂದ ಕಸಿದುಕೊಳ್ಳುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.